ಚಂದ್ರಕಾಂತನ ಸ್ಕ್ರಿಪ್ಟ್

ಕೆಲಸ ಕೇಳಿ ಬಂದವರಿಗೆಲ್ಲ ಆ ಆಫೀಸಿನಲ್ಲಿ ಒಂದೇ ಪರೀಕ್ಷೆ. ಚಂದ್ರಕಾಂತ ತೀರಿಕೊಂಡು ಎರಡು ವರ್ಷವಾಗಿದ್ದರೂ ದಿನಾ ಬೆಳಿಗ್ಗೆ ಅವನ ಹೆಸರಿನಲ್ಲಿ ಎಲ್ಲರಿಗೂ ಮೇಲ್ ಬರುತ್ತಿತ್ತು: ‘ಬಂದೆ. ಕಾಫಿಗೆ ಯಾರು ಬರ್ತೀರಿ?’ ತನ್ನಷ್ಟಕ್ಕೆ ಮೇಲ್ ಕಳಿಸುವ ಸ್ಕ್ರಿಪ್ಟೊಂದನ್ನು ಅವನು ಕಂಪ್ಯೂಟರಿನಲ್ಲಿ ಎಲ್ಲೋ ಬರೆದಿಟ್ಟು ಹೋಗಿದ್ದಾನೆ, ಅದನ್ನು ಹುಡುಕಿ ನಿಲ್ಲಿಸಿದವರಿಗೆ ಕೆಲಸ ಎಂದಿದ್ದರು ಮ್ಯಾನೇಜರ್. ಎಂಟು ಮಂದಿ ಸೋತು ಎದ್ದು ಹೋಗಿದ್ದರು.

ಒಂಬತ್ತನೆಯವಳು ವಿನುತಾ. ಅವಳಿಗೆ ಈ ಕೆಲಸ ಬೇಕೇ ಬೇಕಿತ್ತು. ಪರೀಕ್ಷೆ ನೋಡಿಕೊಳ್ಳಲು ಎದುರಿಗೆ ಕೂತಿದ್ದವರು ಸುಗಂಧಿ ಮೇಡಂ. ಹನ್ನೊಂದು ವರ್ಷ ಚಂದ್ರಕಾಂತನ ಪಕ್ಕದ ಸೀಟಿನಲ್ಲಿ ಕೆಲಸ ಮಾಡಿದವರು.

ಅರ್ಧ ಗಂಟೆ ಜಾಲಾಡಿದರೂ ಸ್ಕ್ರಿಪ್ಟಿನ ಸುಳಿವಿಲ್ಲ. ಕೊನೆಗೆ ಮೇಲ್ ಬಂದ ಹೊತ್ತುಗಳನ್ನು ಒಂದೊಂದಾಗಿ ನೋಡುತ್ತ ಹೋದ ವಿನುತಾ ತಟ್ಟನೆ ತಲೆಯೆತ್ತಿದಳು.

“ಮೇಡಂ, ಒಂದಿನ ಒಂಬತ್ತು ಐದಕ್ಕೆ ಬಂದಿದೆ, ಇನ್ನೊಂದಿನ ಒಂಬತ್ತು ಹನ್ನೆರಡಕ್ಕೆ. ಸ್ಕ್ರಿಪ್ಟ್ ಆಗಿದ್ರೆ ದಿನಾ ಒಂದೇ ಹೊತ್ತಿಗೆ ಕಳಿಸ್ತಿತ್ತು.”

“ಮತ್ತೆ?”

“ಗೊತ್ತಾಗ್ತಿಲ್ಲ. ಹೋದ ತಿಂಗಳು ಮೂರು ದಿನ ಬಂದೇ ಇಲ್ಲ.”

ಮೇಡಂ ಮ್ಯಾನೇಜರ್ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಆ ಮೂರು ದಿನ ನಂಗೆ ಜ್ವರ ಇತ್ತಮ್ಮ.”