ಎಂಟು ಕೊಂಬಿನ ರೌಟರ್

"ಸಿಗ್ರಿಡ್, ಮತ್ತೆ ನಿಂತುಹೋದೆ ನೋಡು! ಬಾಯಿ ತೆರೆದದ್ದು ತೆರೆದ ಹಾಗೇ ಇದೆ."

ಮುಚ್ಚಿದ ಬಾಗಿಲಿನೊಳಗಿಂದ ಕಂಪನಿಯ ನಿರ್ದೇಶಕಿ ಲೊರೇನಳ ದನಿ ಕೇಳಿ, ಹೊರಗೆ ಕಾಫಿ ಹಿಡಿದು ನಿಂತಿದ್ದ ವೆಂಡೆಲ್ ಬಾಗಿಲಿಗೆ ಕಿವಿ ಹಚ್ಚಿದ. ಇದು ಸತತ ಐದನೆಯ ಸೋಮವಾರ. ಹೆಂಡತಿಯ ವಿಡಿಯೊ ಸಭೆ ಅರ್ಧ ಗಂಟೆ ಸರಾಗವಾಗಿ ನಡೆಯುತ್ತದೆ. ಲೊರೇನ್ "ಸರಿ, ಈಗ ನೀನು ಹೇಳಮ್ಮ" ಎಂದದ್ದೇ ತಡ, ನೆಟ್ ಕೈಕೊಡುತ್ತದೆ.

ಗಂಡ ಹೆಂಡತಿ ಇಬ್ಬರ ಹೊಟ್ಟೆ ತುಂಬಿಸುತ್ತಿದ್ದುದು ಒಂದೇ ಕಂಪನಿ. ಡುಲುತ್ ಊರಿನಲ್ಲಿ ರೌಟರ್ ಮಾರುವ ಕಂಪನಿ. ಸಿಗ್ರಿಡ್ ಅಲ್ಲಿನ ಸಿಬ್ಬಂದಿ ವಿಭಾಗದವಳು. ಮಲಗುವ ಕೋಣೆಯೇ ಅವಳ ಆಫೀಸು. ವೆಂಡೆಲ್ ನೆಲಮಾಳಿಗೆಯಲ್ಲಿ ಕುಳಿತು ಗಿರಾಕಿಗಳ ಫೋನ್ ಎತ್ತುವವನು. ಕಂಪನಿ ಜನರನ್ನು ತೆಗೆಯುತ್ತಿದೆ ಎಂಬ ಗುಸುಗುಸು ಈ ಚಳಿಗಾಲದಲ್ಲಿ ಜೋರಾಗಿತ್ತು. ಇಂಥ ಹೊತ್ತಿನಲ್ಲಿ ರೌಟರ್ ಕಂಪನಿಯವಳೇ ಸಭೆಯ ನಡುವೆ ನಿಂತುಹೋದರೆ ಗತಿ ಏನು? ಅವಳ ಕೆಲಸಕ್ಕೇ ಸಂಚಕಾರ ಬಂತೆಂದು ವೆಂಡೆಲ್ ಹೌಹಾರಿದ್ದ.

ಮಧ್ಯಾಹ್ನ ಸೂಪು ಕುಡಿಯುತ್ತಾ ಮೆಲ್ಲಗೆ ಕೇಳಿದ. "ಲೊರೇನ್ ಏನಾದ್ರೂ ಅಂದ್ಲಾ?"

"ಏನಂತಾಳೆ? ನೆಟ್ಟಿಗೆ ಏನು ಮಾಡೋಕಾಗುತ್ತೆ, ಪರವಾಗಿಲ್ಲ, ಮುಂದಿನ ವಾರ ನೋಡೋಣ ಅಂದ್ಲು."

ವೆಂಡೆಲ್‌ಗೆ ಇನ್ನಷ್ಟು ಭಯವಾಯಿತು. ಆ ಸೀಮೆಯಲ್ಲಿ "ಪರವಾಗಿಲ್ಲ" ಎಂದರೆ ಒಳಗೊಳಗೇ ಕತ್ತಿ ಮಸೆಯುತ್ತಿದ್ದಾರೆ ಎಂದೇ ಲೆಕ್ಕ. ಮುಖಕ್ಕೆ ಮುಖ ಕೊಟ್ಟು ಆಗೋಲ್ಲ ಎನ್ನುವ ಧೈರ್ಯ ಒಬ್ಬರಿಗೂ ಇಲ್ಲ. ತಟ್ಟೆಯಲ್ಲಿ ಉಳಿದ ಕೊನೆಯ ಕೇಕಿನ ತುಂಡನ್ನು ಬೇಕು ಎನ್ನಲೂ ಬಾಯಿ ಬಾರದು, ಬೇಡ ಎನ್ನಲೂ ಬಾರದು. ಒಬ್ಬರು ಅರ್ಧ ಕತ್ತರಿಸುತ್ತಾರೆ, ಇನ್ನೊಬ್ಬರು ಆ ಅರ್ಧದಲ್ಲಿ ಅರ್ಧ, ಕೊನೆಗೆ ಇರುವೆಗೂ ಸಾಲದಷ್ಟು ಬಿಟ್ಟು ಎಲ್ಲರೂ ಏಳುತ್ತಾರೆ. ಸಿಗ್ರಿಡ್ ಅಂತೂ ಇದರಲ್ಲಿ ಪಳಗಿದ ಕೈ.

"ನಮ್ಮ ರೌಟರೇ ಸರಿಯಿಲ್ಲ ಕಣೇ. ಇರೋದ್ರಲ್ಲೇ ವೇಗದ್ದು ತರ್ತೀನಿ."

"ತರಬಹುದು... ಇರೋದೂ ಅಷ್ಟೇನು ಕೆಟ್ಟದಾಗಿಲ್ಲಪ್ಪ."

ಆ ಊರಿನಲ್ಲಿ "ಖಂಡಿತ ಬೇಡ" ಎನ್ನುವುದು ಹೀಗೆಯೇ. ಅಲ್ಲೇ ಹುಟ್ಟಿ ಬೆಳೆದ ವೆಂಡೆಲ್‌ಗೆ ಇದು ತಿಳಿಯದ್ದೇನಲ್ಲ. ಆದರೆ ಚಿಂತೆ ಹೊಕ್ಕ ತಲೆಗೆ "ತರಬಹುದು" ಎಂದದ್ದಷ್ಟೇ ಇಳಿಯಿತು.

ತಮಾಷೆ ಏನೆಂದರೆ, ಇದೇ ಮಹಾಶಯ ದಿನವಿಡೀ ಗಿರಾಕಿಗಳಿಗೆ ಹೇಳುತ್ತಿದ್ದುದೇ ಬೇರೆ. "ಹೊಸದು ಯಾಕೆ ತಾಯಿ? ಮನೇಲಿರೋರು ಇಬ್ರು. ಆ ಡಬ್ಬೀನ ಮೈಕ್ರೋವೇವ್ ಹಿಂದಿಂದ ಈಚೆಗಿಡಿ, ಸಾಕು." ಗಿರಾಕಿಗಳು ಬಾಯ್ತುಂಬ ಹರಸುತ್ತಿದ್ದರು. ಆ ತಿಂಗಳು ಅವನು ಮಾರಿದ್ದು ಒಂದೇ ಒಂದು ರೌಟರ್. ಅದನ್ನು ಕೊಂಡವನೂ ಅವನೇ.

ಬಂತಪ್ಪ, ಎಂಟು ಕೊಂಬಿನ ಕರಿ ಡಬ್ಬಿ! ಇಬ್ಬರ ಅಡುಗೆಗೆ ಮದುವೆ ಛತ್ರದ ಹಂಡೆ ತಂದ ಹಾಗಾಯಿತು. ಹಳೆಯದರಲ್ಲೂ ಅದೇ ನೆಟ್ಟಿನಲ್ಲಿ ನಡೆಯುವ ನೆಲಮಾಳಿಗೆಯ ಫೋನು ಒಮ್ಮೆಯೂ ಕಡಿದಿರಲಿಲ್ಲ, ಅದು ಬೇರೆ ಮಾತು. ಈಗ ವೇಗ ಮೂರು ಪಟ್ಟು ಎಂದು ಪರದೆ ತೋರಿಸಿತು. ವೆಂಡೆಲ್ ಖುಷಿಯಿಂದ ಒಂದು ಸಿನಿಮಾ ಹಾಕಿದ. ಅದು ಮೊದಲಿನಷ್ಟೇ ಹೊತ್ತು ನಡೆಯಿತು.

"ಚೆನ್ನಾಗಿದೆ" ಎಂದಳು ಸಿಗ್ರಿಡ್. ಆ ಸಂಜೆ ಅವಳಿಗೆ ಊಟ ಸೇರಲಿಲ್ಲ.

ಸೋಮವಾರ ವೆಂಡೆಲ್ ಮತ್ತೆ ಬಾಗಿಲಿಗೆ ಕಿವಿಗೊಟ್ಟು ನಿಂತ. ಅರ್ಧ ಗಂಟೆ ಕಳೆಯಿತು. "ಸರಿ, ಈಗ ನೀನು ಹೇಳಮ್ಮ" ಎಂದಳು ಲೊರೇನ್. ಒಳಗೆ ಸದ್ದಿಲ್ಲ. "ಅಯ್ಯೋ, ಮತ್ತೆ ನಿಂತುಹೋದೆಯಾ?"

ವೆಂಡೆಲ್ ತಡೆಯಲಾರದೆ ಬಾಗಿಲು ತಳ್ಳಿ, ನೇರ ಕಂಪ್ಯೂಟರಿನ ಮುಂದೆ ತಲೆ ತೂರಿಸಿದ.

"ಲೊರೇನ್, ನೆಟ್ ಚೆನ್ನಾಗಿದೆ! ನಮ್ಮ ಕಂಪನೀದೇ ಎಂಟು ಕೊಂಬಿಂದು, ನಾನೇ ಹಾಕಿದ್ದು. ನನ್ನ ದನಿ ಕೇಳಿಸ್ತಿದೆ ತಾನೆ?"

"ಕೇಳಿಸ್ತಿದೆ ವೆಂಡೆಲ್... ಗಂಟೆ ಹೊಡೆದ ಹಾಗೆ."

"ಹಾಗಾದ್ರೆ ಅವಳದ್ದೂ ಕೇಳಿಸುತ್ತೆ. ಇನ್ಮೇಲೆ ನೆಟ್ಟಿನ ನೆಪವೇ ಇಲ್ಲ. ಅದೇನು ಕೇಳಬೇಕೋ ಧಾರಾಳವಾಗಿ ಕೇಳಿ."

"ದೊಡ್ಡ ಉಪಕಾರ ಮಾಡಿದೆ ಕಣಪ್ಪ" ಎಂದಳು ಲೊರೇನ್. ಆಮೇಲೆ ಸ್ವಲ್ಪ ಮುಜುಗರದಿಂದ, "ನಿನಗೆ ಕಾಫಿ ಗೀಫಿ ಏನಾದ್ರೂ ಮಾಡ್ಕೊಳ್ಳೋದಿತ್ತೇನೋ..."

"ಇಲ್ಲ, ಈಗಷ್ಟೇ ಆಯ್ತು" ಎಂದು ವೆಂಡೆಲ್ ಅಲ್ಲೇ ನಿಂತ. ಹೆಂಡತಿಯ ಕಡೆ ತಿರುಗಿದ್ದು ಆಗಲೇ. ಅವಳು ರೆಪ್ಪೆ ಮಿಟುಕಿಸದೆ, ಬಾಯಿ ಅರ್ಧ ತೆರೆದು, ಕುರ್ಚಿಯಲ್ಲೇ ಬೊಂಬೆಯಾಗಿ ಕುಳಿತಿದ್ದಳು. ಕಣ್ಣೀರು ಮಾತ್ರ ಕೆನ್ನೆಯಿಂದ ಇಳಿಯುತ್ತಿತ್ತು.

ಲೊರೇನ್ ಗಂಟಲು ಸರಿಮಾಡಿಕೊಂಡಳು. "ಆರು ವಾರ ಆಯ್ತು ಸಿಗ್ರಿಡ್. ಮಾರಾಟದ ಪಟ್ಟಿ ನಿನ್ನ ಮುಂದೆಯೇ ಇದೆ. ಫೋನ್ ಎತ್ತೋರಲ್ಲಿ ಯಾರನ್ನ ತೆಗೀಬೇಕು ಅನ್ನೋದನ್ನ ನೀನೇ ಬಾಯಿಬಿಟ್ಟು ಹೇಳಬೇಕು."

ಸಿಗ್ರಿಡ್ ಕಣ್ಣೊರೆಸಿಕೊಂಡು, ಒಂದಕ್ಷರವೂ ಕಡಿಯದ ಹಾಗೆ, ಗಂಡನ ಹೆಸರು ಹೇಳಿದಳು.