ಅಕ್ಕನ ಸುದ್ದಿ

"ನಾಳೆ ಹರಿಹರಕ್ಕೆ ಹೋಗಿ ಅಕ್ಕನ್ನ ನೋಡ್ಕಂಡು ಬರಾಣೇನು?" ಎಂದು ಉಜ್ಜನಪ್ಪ ಕೇಳಿದಾಗ, ಗುಳಿಗೆ ಕೊಡುತ್ತಿದ್ದ ನಿರ್ಮಲಮ್ಮನ ಕೈ ಅಲ್ಲೇ ನಿಂತಿತು.

ಗಂಡನ ಹೃದಯಕ್ಕೆ ಸ್ಟೆಂಟ್ ಹಾಕಿ ತಿಂಗಳಾಗಿತ್ತು. ರಕ್ತನಾಳದೊಳಗಿನ ಉರಿಯೂತ ಇನ್ನೂ ಇಳಿದಿಲ್ಲ, ಈ ವಯಸ್ಸಿನಲ್ಲಿ ಮನಸ್ಸಿಗೆ ಪೆಟ್ಟಾಗದಂತೆ ನೋಡಿಕೊಳ್ಳಿ ಎಂದು ದಾವಣಗೆರೆಯ ಡಾಕ್ಟರು ಎಚ್ಚರಿಸಿದ್ದರು. ಅದಕ್ಕೇ ಹೋದ ವಾರ, ಬಹಳ ದಿನದಿಂದ ಹಾಸಿಗೆ ಹಿಡಿದಿದ್ದ ಅವನ ಅಕ್ಕ ತೀರಿಕೊಂಡಾಗ, ಮದುವೆಯಿದೆ ಎಂದು ಸುಳ್ಳು ಹೇಳಿ ಅವಳೊಬ್ಬಳೇ ಹರಿಹರಕ್ಕೆ ಮಣ್ಣಿಗೆ ಹೋಗಿ ಬಂದಿದ್ದಳು.

"ಮೊದ್ಲು ನಿಮಗೆ ಆರಾಮಾಗ್ಲಿ ಬಿಡ್ರಿ," ಎಂದಳು.

ಉಜ್ಜನಪ್ಪ ಗುಳಿಗೆ ನುಂಗಿ ಅವಳ ಕೈ ಹಿಡಿದುಕೊಂಡ. "ಮದುವಿಗೆ ಹೋದಾಕಿ ಕಣ್ಣು ಬಾತುಕಂಡು ಬಂದ್ಯಲ್ಲ, ಅವತ್ತೇ ತಿಳೀತು, ಅಕ್ಕ ಹೋದ್ಲು ಅಂತ. ನೀನು ಹೆದರ್ತೀಯ ಅಂತ ಸುಮ್ಮನಿದ್ದೆ. ಇವತ್ತು ನೀನಾಗೇ ಹೇಳ್ತೀಯೇನೋ ಅಂತ ಕೇಳ್ದೆ. ಇನ್ನು ತಡ್ಕಳಾಕ ಆಗವಲ್ದು, ನಿರ್ಮಲಾ. ಒಂದೀಟು ಅತ್ತುಬಿಡ್ಲೇನು?"