ಎತ್ತಿಟ್ಟ ಟಿಕೆಟ್

"ಯಾರಿಗೆ ಮಾರಿದ್ದು ಅಂತ ಹೇಳಿಬಿಡಮ್ಮ! ಒಂದೇ ಒಂದು ಹೆಸರು. ಇಲ್ಲಾಂದ್ರೆ ಜೈಲೇ ಗತಿ." ಲಾವೋಸ್ ಗಡಿಯ ನದಿದಂಡೆಯ ಊರು ನೊಂಗ್‌ಖಾಯ್‌ನ ನ್ಯಾಯಾಲಯದ ಮೊಗಸಾಲೆಯಲ್ಲಿ ವಕೀಲೆ ಅಂಪೈ ಹಲ್ಲು ಕಡಿದಳು.

"ಮರೆತೆ," ಅಂದಳು ಲಾಟರಿ ಮಾರುವ ಮುದುಕಿ ಖಂಪುನ್. ಮರೆವಂತೆ! ಬೀದಿಯ ಅರ್ಧ ಜನರ ಅದೃಷ್ಟಸಂಖ್ಯೆ ಬಾಯಿಪಾಠ ಇದ್ದವಳು.

ಅವಳ ಲಾಟರಿ ಮೇಜಿನ ಎದುರಿನ ಟೈರ್ ಅಂಗಡಿಯ ಪ್ರದಿತ್ ಕೂತಲ್ಲಿಂದಲೇ "ಆ ನಂಬರ್ ನನಗೆ ಎತ್ತಿಡು" ಎಂದು ಕೂಗಿದ್ದ. ಆ ಊರಲ್ಲಿ ಮಾತು ಮೊದಲು, ಹಣ ಆಮೇಲೆ. ಸಂಜೆಯಾದರೂ ಅವನು ಹಣ ಕಳಿಸಲಿಲ್ಲ. ಆಕೆ ಮಾರಿಬಿಟ್ಟಳು. ಮೊದಲ ಬಹುಮಾನ ಅದಕ್ಕೇ ಬರಬೇಕೆ! ಸಾಲದ್ದಕ್ಕೆ ಹಣ ಬಿಡಿಸಿಕೊಂಡದ್ದೂ ಖಂಪುನ್‌ಳೇ. ಮುದುಕಿ ನುಂಗಿ ನೀರು ಕುಡಿದಳೆಂದು ಪ್ರದಿತ್ ವಂಚನೆಯ ದೂರು ಕೊಟ್ಟ. ಆಕೆಯ ತಗಡಿನ ಸೂರು ಮಾತ್ರ ಹಾಗೇ ಸೋರುತ್ತಿತ್ತು.

"ಮೋಸ ಅನ್ನೋಕೆ ಮೋಸದ ಉದ್ದೇಶ ಇರಬೇಕು. ಕೊಂಡವರ ಪರವಾಗಿ ಬಿಡಿಸಿದೆ ಅಂತೀಯ. ಹೆಸರು ಕೊಟ್ರೆ ಕೇಸೇ ನಿಲ್ಲಲ್ಲ," ಅಂದಳು ಅಂಪೈ.

"ಇವತ್ತು ಅವನ ಸಾಕ್ಷಿ ತಾನೇ? ಸಂಜೆವರೆಗೂ ಎಳಿ ಮಗಳೇ. ಆಮೇಲೆ ನೆನಪಾದ್ರೂ ಆಗಬಹುದು."

ಅಂಪೈ ಎಳೆದಳು. ಟೈರಿನ ಬೆಲೆ, ಬೀದಿಯ ಅಗಲ, ಅವನು ಕೂಗಿದ ದನಿ, ಕೇಳದೆ ಬಿಟ್ಟದ್ದೇನೂ ಇಲ್ಲ. ನ್ಯಾಯಾಧೀಶರು ಆಕಳಿಸಿದರು. ಪ್ರದಿತ್ ಕುದಿಯುತ್ತಿದ್ದ.

ಹಿಂದಿನ ವಿಚಾರಣೆಗಳಲ್ಲೆಲ್ಲ ಅವನ ಹೆಂಡತಿ, ನದಿಯಾಚೆ ಲಾವೋಸಿನ ಮಣಿವನ್, ಮಗಳೊಂದಿಗೆ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿರುತ್ತಿದ್ದಳು. ಸುಡುಬಿಸಿಲಲ್ಲೂ ತುಂಬುತೋಳಿನ ಅಂಗಿ. ಇವತ್ತು ಹಬ್ಬದ ವ್ಯಾಪಾರ, ಅಂಗಡಿಗೆ ಆಕೆಯೇ ಕಾವಲು.

"ಬೇಗ ಮುಗಿಸ್ರೀ! ಅವಳೊಬ್ಬಳನ್ನೇ ಬಿಟ್ಟು ಬಂದಿದೀನಿ," ಎಂದು ಪ್ರದಿತ್ ಗುಡುಗಿದ. ಅವನ ಫೋನು ಬಾಗಿಲಲ್ಲಿ ಕಾವಲುಗಾರನ ಬಳಿ ಇತ್ತು.

"ಇಷ್ಟು ದೊಡ್ಡ ಮಗು ಮಾಡ್ಕೊಂಡವಳು, ಕಳೆದುಹೋಗ್ತಾಳೇನಪ್ಪ?" ಎಂದರು ನ್ಯಾಯಾಧೀಶರು. ಜನ ನಕ್ಕರು.

ಖಂಪುನ್ ನಗಲಿಲ್ಲ. ಕಿಟಕಿಯ ಬಿಸಿಲನ್ನೇ ನೋಡುತ್ತಿದ್ದಳು. ಈ ವಯಸ್ಸಿಗೆ ಜೈಲೆಂದರೆ ಯಾರಿಗೆ ಭಯವಿಲ್ಲ? ಅವಳಿಗೂ ಭಯವಾಗಿತ್ತು, ಬಹಳ ಭಯವಾಗಿತ್ತು.

ಬಿಸಿಲು ಗೋಡೆ ಇಳಿದು ಹೋದಾಗ ಮೆಲ್ಲನೆ ಎದ್ದು ಕೈ ಜೋಡಿಸಿದಳು.

"ನೆನಪಾಯ್ತು, ಸ್ವಾಮಿ."

"ಯಾರಿಗೆ ಮಾರಿದೆ?"

"ಇವನ ಹೆಂಡತಿಗೇ. ಇಷ್ಟು ಹೊತ್ತಿಗೆ ಮಗಳ ಕೈ ಹಿಡ್ಕೊಂಡು ನದಿ ಸೇತುವೆ ದಾಟಿರ್ತಾಳೆ."